ಬ್ರೇಕ್‌ಡೌನ್ ಕವರ್ ತಾನಾಗಿ ರಿನ್ಯೂ ಆಗಿ ದುಡ್ಡು ಹೋಯ್ತಾ? ಬಿಚ್ಚಬೇಕಾದ್ದು ಮೂರು ಗಂಟು

ಕಾರು ಮಾರಿ ಎರಡು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಬ್ಯಾಂಕ್ ಆಪ್ ನೋಡುತ್ತೇನೆ, ಬ್ರೇಕ್‌ಡೌನ್ ಕವರ್ (ಕಾರು ದಾರಿಯಲ್ಲಿ ಕೆಟ್ಟರೆ ಸಹಾಯಕ್ಕೆ ವ್ಯಾನ್ ಕಳಿಸುವ ಸೇವೆ) ಕಂಪನಿಗೆ ಹೊಸ ವರ್ಷದ ಮೊದಲ ಕಂತು ಹೋಗಿದೆ. ದಾರಿಯಲ್ಲಿ ಕೆಟ್ಟು ನಿಲ್ಲೋಕೆ ಕಾರೇ ಇಲ್ಲ, ಎಳೆದುಕೊಂಡು ಹೋಗೋಕೆ ಮಾತ್ರ ವ್ಯಾನ್ ರೆಡಿ! ಸಿಟ್ಟು ಬಂತು. ಆಪ್‌ನಲ್ಲೇ ಡೈರೆಕ್ಟ್ ಡೆಬಿಟ್, ಅಂದರೆ ಅಕೌಂಟ್‌ನಿಂದ ಕಂಪನಿ ತಾನಾಗಿ ಹಣ ತೆಗೆಯುವ ವ್ಯವಸ್ಥೆ, ಕ್ಯಾನ್ಸಲ್ ಮಾಡಿದೆ. ಪೀಡೆ ತೊಲಗಿತು ಅಂದುಕೊಂಡೆ. ಮೂರು ವಾರ ಬಿಟ್ಟು ಮನೆಗೆ ಕಾಗದ ಬಂತು: ಉಳಿದ ಹನ್ನೊಂದು ಕಂತು ಬಾಕಿ ಇದೆ, ಕಟ್ಟಿ.

ಕೊನೆಗೆ ಹೋದ ಕಂತು ವಾಪಸ್ ಬಂತು, ಬಾಕಿಯನ್ನೂ ಬಿಟ್ಟರು. ಆದರೆ ಒಂದು ಫೋನ್ ಕರೆಯಲ್ಲಿ ಮುಗಿಯಬೇಕಾದ ಕೆಲಸಕ್ಕೆ ಎರಡು ತಿಂಗಳು ಹಿಡಿಯಿತು. ತಪ್ಪು ನನ್ನದೇ. ಕೆಲಸ ಸರಿಯಾದದ್ದೇ, ಕ್ರಮ ಮಾತ್ರ ತಲೆಕೆಳಗಾಗಿತ್ತು. ಬ್ರಿಟನ್‌ನಲ್ಲಿ ಕಾರು ಇಟ್ಟುಕೊಂಡ ಎಲ್ಲರಿಗೂ ಒಂದಲ್ಲ ಒಂದು ವರ್ಷ ಇದು ಬರುತ್ತದೆ. ಅದಕ್ಕೇ ಕ್ರಮವಾಗಿ ಬರೆದಿಟ್ಟಿದ್ದೇನೆ.

ಮೊದಲು ಒಂದು ಮಾತು. ಮೋಟಾರ್ ಇನ್ಶೂರೆನ್ಸ್ ಇಲ್ಲದೆ ರಸ್ತೆಗೆ ಇಳಿದರೆ ಅಪರಾಧ. ಬ್ರೇಕ್‌ಡೌನ್ ಕವರ್ ಹಾಗಲ್ಲ. ಅದು ಎಎ, ಆರ್‌ಎಸಿ, ಗ್ರೀನ್ ಫ್ಲ್ಯಾಗ್‌ನಂಥವರು ಮಾರುವ ಐಚ್ಛಿಕ ಸೇವೆ. ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ. ಹಾಗಾಗಿ "ಕ್ಯಾನ್ಸಲ್ ಮಾಡಿದರೆ ಏನಾದರೂ ಕೇಸ್ ಆಗುತ್ತಾ" ಅನ್ನುವ ಭಯ ಬೇಡ.

ಮೂರು ಗಂಟು ಯಾವುವು

ತಾಳಿ ಕಟ್ಟುವಾಗ ಮೂರು ಗಂಟು ಹಾಕುತ್ತಾರಲ್ವಾ, ಇಲ್ಲೂ ಹಾಗೇ. ಮೊದಲನೆಯದು ಪಾಲಿಸಿ, ಅಂದರೆ ಕಂಪನಿಗೂ ನಿಮಗೂ ಇರುವ ಒಂದು ವರ್ಷದ ಒಪ್ಪಂದ. ಎರಡನೆಯದು ದುಡ್ಡು ತೆಗೆಯಲು ನೀವು ಕೊಟ್ಟ ಅನುಮತಿ: ಡೈರೆಕ್ಟ್ ಡೆಬಿಟ್ ಅಥವಾ ಕಾರ್ಡ್. ಮೂರನೆಯದು ಆಟೋ ರಿನ್ಯೂವಲ್. ವರ್ಷ ಮುಗಿದಾಗ ಕೇಳದೆಯೇ ಮುಂದುವರಿಸಿ ಎಂದು, ಕೊಳ್ಳುವಾಗ ಗಮನಿಸದೆ ಒಪ್ಪಿಕೊಂಡ ಟಿಕ್ ಗುರುತು.

ಮೂರೂ ಬೇರೆ ಬೇರೆ. ಒಂದನ್ನು ಬಿಚ್ಚಿದರೆ ಉಳಿದೆರಡು ತಾವಾಗಿ ಬಿಚ್ಚಿಕೊಳ್ಳುವುದಿಲ್ಲ. ನಾನು ಎರಡನೆಯದನ್ನು ಮಾತ್ರ ಕತ್ತರಿಸಿದ್ದೆ. ಕಂಪನಿಯ ಲೆಕ್ಕದಲ್ಲಿ ಪಾಲಿಸಿ ಜೀವಂತವಾಗಿತ್ತು, ಹಣ ಮಾತ್ರ ಬರುತ್ತಿರಲಿಲ್ಲ. ಅದನ್ನೇ ಅವರು ಬಾಕಿ ಅಂದರು. ಮೊದಲು ಪಾಲಿಸಿ, ಜೊತೆಗೇ ಆಟೋ ರಿನ್ಯೂವಲ್, ಆಮೇಲೆ ಪಾವತಿ. ಈ ಕ್ರಮ ನೆನಪಿರಲಿ. ರಿನ್ಯೂವಲ್ ದಿನ ನಾಳೆಯೇ ಇದ್ದು, ಕಂಪನಿಯ ಫೋನ್ ಸಿಗದಿದ್ದರೆ ಮಾತ್ರ ಪಾವತಿಯನ್ನು ಮೊದಲು ತಡೆದು, ಅವತ್ತೇ ಕಂಪನಿಗೆ ಇಮೇಲ್ ಹಾಕಿ.

ಹೆಜ್ಜೆ 1: ಕವರ್ ಯಾರದ್ದು ಅಂತ ಪತ್ತೆ ಹಚ್ಚಿ

ಸುಲಭ ಅನಿಸುತ್ತದೆ, ಆದರೆ ಎಷ್ಟೋ ಜನ ಎಡವುವುದು ಇಲ್ಲೇ. ಬ್ರೇಕ್‌ಡೌನ್ ಕವರ್ ನಾಲ್ಕು ಬಾಗಿಲಿನಿಂದ ಮನೆಗೆ ಬರುತ್ತದೆ. ನೇರವಾಗಿ ಕಂಪನಿಯಿಂದ ಕೊಂಡಿರಬಹುದು. ಕಾರ್ ಇನ್ಶೂರೆನ್ಸ್ ಜೊತೆ ಆಡ್-ಆನ್ ಆಗಿ ಸೇರಿರಬಹುದು. ತಿಂಗಳ ಫೀ ಕಟ್ಟುವ ಬ್ಯಾಂಕ್ ಅಕೌಂಟ್ ಜೊತೆ ಬಂದಿರಬಹುದು. ಹೊಸ ಕಾರಾದರೆ ತಯಾರಕರೇ ಮೊದಲ ಒಂದೆರಡು ವರ್ಷ ಕೊಟ್ಟಿರಬಹುದು.

ಆಡ್-ಆನ್ ಆಗಿದ್ದರೆ ರಸ್ತೆಗೆ ವ್ಯಾನ್ ಕಳಿಸುವ ಕಂಪನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ದುಡ್ಡು ತೆಗೆದುಕೊಂಡವರು ಇನ್ಶೂರೆನ್ಸ್ ಕಂಪನಿಯವರು ಅಥವಾ ಬ್ರೋಕರ್, ಅವರನ್ನೇ ಹಿಡಿಯಬೇಕು. ಸ್ಟೇಟ್‌ಮೆಂಟ್‌ನಲ್ಲಿ ಯಾರ ಹೆಸರಿದೆ ನೋಡಿ. ಇಮೇಲ್‌ನಲ್ಲಿ 'ರಿನ್ಯೂವಲ್' ಅಂತ ಹುಡುಕಿ. ಸ್ಪ್ಯಾಮ್ ಫೋಲ್ಡರನ್ನೂ ಬಿಡಬೇಡಿ.

ಹುಡುಕುವಾಗ ಒಂದೇ ಕಾರಿಗೆ ಎರಡು ಕವರ್ ಇರುವುದು ಗೊತ್ತಾದರೂ ಆಶ್ಚರ್ಯ ಬೇಡ. ಅದು ಮುಂದೆ ನಿಮ್ಮ ವಾದಕ್ಕೆ ಒಳ್ಳೆಯ ಆಧಾರ. ಎರಡನೆಯ ಕವರ್‌ನ ದಾಖಲೆಯನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ.

ಕವರ್ ವಾಹನದ ಹೆಸರಲ್ಲಿದೆಯೋ ವ್ಯಕ್ತಿಯ ಹೆಸರಲ್ಲಿದೆಯೋ ಅನ್ನುವುದನ್ನೂ ನೋಡಿ. ವ್ಯಕ್ತಿಯ ಹೆಸರಲ್ಲಿದ್ದರೆ ನೀವು ಬೇರೆಯವರ ಕಾರಿನಲ್ಲಿ ಕೂತಿದ್ದಾಗಲೂ ಸಾಮಾನ್ಯವಾಗಿ ನಡೆಯುತ್ತದೆ. ಹಾಗಾಗಿ "ಕಾರು ಮಾರಿದ್ದೇನೆ" ಅನ್ನುವ ಒಂದೇ ಕಾರಣ ಅಲ್ಲಿ ಸಾಲದು. ವಾಹನದ ಹೆಸರಲ್ಲಿದ್ದರೆ ಅದೇ ಕಾರಣ ಗಟ್ಟಿ.

ಹೆಜ್ಜೆ 2: ದಿನ ಎಣಿಸಿ

ಎಲ್ಲವೂ ನಿಂತಿರುವುದು ದಿನಾಂಕದ ಮೇಲೆ. ರಿನ್ಯೂ ಆಗಲು ಇನ್ನೂ ಸಮಯವಿದೆಯಾ? ಹಾಗಾದರೆ ನೀವು ಅದೃಷ್ಟವಂತರು, ಆರನೇ ಹೆಜ್ಜೆಗೆ ಹೋಗಿ. ರಿನ್ಯೂ ಆಗಿ 14 ದಿನದ ಒಳಗಿದ್ದೀರಾ? ಈ ಲೇಖನ ಇಲ್ಲಿಗೇ ಬಿಟ್ಟು ಫೋನ್ ಎತ್ತಿಕೊಳ್ಳಿ, ಆಮೇಲೆ ಬಂದು ಓದಿ.

ಇನ್ಶೂರೆನ್ಸ್ ಆಗಿ ಮಾರಿದ ಕವರ್‌ಗೆ ಎಫ್‌ಸಿಎ, ಅಂದರೆ ಬ್ರಿಟನ್‌ನ ಹಣಕಾಸು ನಿಯಂತ್ರಣ ಸಂಸ್ಥೆ, 14 ದಿನದ ಕೂಲಿಂಗ್ ಆಫ್ ಅವಧಿ, ಅಂದರೆ ಮನಸ್ಸು ಬದಲಿಸಿ ರದ್ದು ಮಾಡಲು ಸಮಯ, ಇಟ್ಟಿದೆ. ಹೊಸದಾಗಿ ಕೊಂಡವರಿಗೆ ಮಾತ್ರ ಅಲ್ಲ, ರಿನ್ಯೂ ಆದ ಪಾಲಿಸಿಗೂ ಇದು ಸಿಗುತ್ತದೆ. ಎಣಿಕೆ ಶುರುವಾಗುವುದು ಹೊಸ ಒಪ್ಪಂದ ಆದ ದಿನದಿಂದ, ಅಥವಾ ಪಾಲಿಸಿ ದಾಖಲೆ ನಿಮ್ಮ ಕೈ ಸೇರಿದ ದಿನದಿಂದ. ಎರಡರಲ್ಲಿ ಯಾವುದು ಆಮೇಲೆ ಬರುತ್ತದೋ ಅದು. ಈ ಕೊನೆಯ ಮಾತು ಮುಖ್ಯ. ದಾಖಲೆ ತಡವಾಗಿ ಬಂದಿದ್ದರೆ ನಿಮ್ಮ 14 ದಿನವೂ ತಡವಾಗಿಯೇ ಶುರು.

ಈ ಅವಧಿಯಲ್ಲಿ ಕಾರಣ ಕೊಡಬೇಕಾಗಿಲ್ಲ. "ಯಾಕೆ ಬಿಡ್ತಿದ್ದೀರಿ" ಅಂತ ಕೇಳುತ್ತಾರೆ. ಉತ್ತರ ಹೇಳಲೇಬೇಕು ಅಂತಿಲ್ಲ. ಆ ಹದಿನಾಲ್ಕು ದಿನದಲ್ಲಿ ಕವರ್ ಚಾಲ್ತಿಯಲ್ಲಿದ್ದಷ್ಟು ದಿನದ ಪಾಲನ್ನು ಕಂಪನಿ ಹಿಡಿದುಕೊಳ್ಳಬಹುದು. ವ್ಯಾನ್ ಕರೆಸಿಕೊಂಡಿದ್ದರೆ ಉಳಿದ ಹಣವೆಲ್ಲ ಬರುತ್ತದೆ ಎಂದು ನಿರೀಕ್ಷಿಸಬೇಡಿ.

ಹೆಜ್ಜೆ 3: ಫೋನ್ ಮಾಡಿ, ಆಮೇಲೆ ಬರವಣಿಗೆಯಲ್ಲಿ ಕಳಿಸಿ

ಫೋನ್ ಮಾಡಿದರೆ ನಿಮ್ಮನ್ನು ರಿಟೆನ್ಷನ್ ವಿಭಾಗಕ್ಕೆ ಕೊಡುತ್ತಾರೆ. ಗಿರಾಕಿ ಕೈತಪ್ಪಿ ಹೋಗದಂತೆ ನೋಡಿಕೊಳ್ಳುವುದೇ ಅವರ ಕೆಲಸ. ಬೆಲೆ ಇಳಿಸುತ್ತಾರೆ, ಮೂರು ತಿಂಗಳು ಫ್ರೀ ಅನ್ನುತ್ತಾರೆ. ಮಾತಿನ ಮೋಡಿಗೆ ಸಿಕ್ಕಿಬೀಳಬೇಡಿ. ಕವರ್ ಬೇಕಾಗಿದ್ದು ಬೆಲೆ ಮಾತ್ರ ಜಾಸ್ತಿ ಅನಿಸಿದ್ದರೆ ಕೇಳಿಸಿಕೊಳ್ಳಿ. ಬೇಡ ಎಂದಾದರೆ ಬೇಡ ಅಷ್ಟೇ.

ಹೇಳಬೇಕಾದ್ದು ನಾಲ್ಕೇ ಮಾತು. ಪಾಲಿಸಿ ಕ್ಯಾನ್ಸಲ್ ಮಾಡಿ. ಆಟೋ ರಿನ್ಯೂವಲ್ ಆಫ್ ಮಾಡಿ. ತೆಗೆದ ಹಣ ವಾಪಸ್ ಕೊಡಿ. ಇದೆಲ್ಲ ಇಮೇಲ್‌ನಲ್ಲಿ ಖಚಿತಪಡಿಸಿ. ಮಾತಾಡಿದವರ ಹೆಸರು, ಸಮಯ, ರೆಫರೆನ್ಸ್ ನಂಬರ್ ಬರೆದುಕೊಳ್ಳಿ.

ಫೋನ್ ಇಟ್ಟ ಮೇಲೆ ಅದನ್ನೇ ಇಮೇಲ್‌ನಲ್ಲಿ ಅಥವಾ ಅವರ ಚಾಟ್‌ನಲ್ಲಿ ಕಳಿಸಿ. "ಇವತ್ತು ಇಷ್ಟು ಗಂಟೆಗೆ ಮಾತಾಡಿದೆ, ಪಾಲಿಸಿ ನಂಬರ್ ಇದು, ರದ್ದು ಮಾಡಲು ಹೇಳಿದೆ, ನೀವು ಒಪ್ಪಿದಿರಿ" ಅಂತ ನಾಲ್ಕು ಸಾಲು ಸಾಕು. ಸಿಟ್ಟು ಬೇಡ. ನಮ್ಮಲ್ಲಿ ಕೆಲವರು ಬರೆಯುವ ಮೂರು ಪುಟದ ಪತ್ರವೂ ಬೇಡ, ಅದನ್ನು ಯಾರೂ ಓದುವುದಿಲ್ಲ. ಚಾಟ್ ಆದರೆ ಮುಚ್ಚುವ ಮೊದಲು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ.

ಹೆಜ್ಜೆ 4: 14 ದಿನ ದಾಟಿದ್ದರೆ

ಹೆಚ್ಚಿನವರು ಇರುವುದು ಇಲ್ಲೇ. ಸ್ಟೇಟ್‌ಮೆಂಟ್ ನೋಡುವುದೇ ತಿಂಗಳ ಕೊನೆಗೆ, ಅಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಕಂಪನಿಯವರು "ಟರ್ಮ್ಸ್ ಪ್ರಕಾರ ರೀಫಂಡ್ ಇಲ್ಲ" ಅಥವಾ "ಫೀ ಕಳೆದು ಉಳಿದಿದ್ದು ಕೊಡ್ತೀವಿ" ಅನ್ನುತ್ತಾರೆ. ಅಲ್ಲಿಗೇ ಕೈಬಿಡಬೇಡಿ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಆ ರಿನ್ಯೂವಲ್ ಸರಿಯಾಗಿ ಆಯಿತಾ?

ಎಫ್‌ಸಿಎ ನಿಯಮ ಏನು ಹೇಳುತ್ತದೆ ನೋಡಿ. ರಿನ್ಯೂವಲ್‌ಗೆ ಮೊದಲೇ, ಯೋಚಿಸಲು ಸಾಕಷ್ಟು ಸಮಯ ಇರುವಂತೆ, ಕಂಪನಿ ನೋಟಿಸ್ ಕಳಿಸಬೇಕು. 2017ರ ಏಪ್ರಿಲ್‌ನಿಂದ ಆ ನೋಟಿಸ್‌ನಲ್ಲಿ ಹೊಸ ಬೆಲೆಯ ಜೊತೆ ಕಳೆದ ವರ್ಷದ ಬೆಲೆಯನ್ನೂ ತೋರಿಸಬೇಕು. ಬೇರೆ ಕಡೆ ವಿಚಾರಿಸಿ ನೋಡಿ ಎಂದೂ ಹೇಳಬೇಕು. 2022ರಿಂದ ಇನ್ನೊಂದು ಸೇರಿತು: ಆಟೋ ರಿನ್ಯೂವಲ್‌ನಿಂದ ಹೊರಬರಲು ಸುಲಭವಾದ ದಾರಿಗಳನ್ನು ಕೊಡಬೇಕು. 2023ರ ಜುಲೈ 31ರಿಂದ ಜಾರಿಗೆ ಬಂದ ಕನ್ಸ್ಯೂಮರ್ ಡ್ಯೂಟಿ (ಗಿರಾಕಿಯ ಹಿತ ಕಾಯಬೇಕು ಎನ್ನುವ ಎಫ್‌ಸಿಎ ನಿಯಮ) ಪ್ರಕಾರ ಗಿರಾಕಿ ಹೊರಹೋಗುವ ದಾರಿಯಲ್ಲಿ ಸುಮ್ನೆ ಅಡ್ಡಿ ಹಾಕುವಂತಿಲ್ಲ.

ಈಗ ನಿಮ್ಮ ಕತೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನೋಟಿಸ್ ಬರಲೇ ಇಲ್ಲವಾ? ಮನೆ ಬದಲಿಸಿದ್ದು ತಿಳಿಸಿದ್ದರೂ ಹಳೆಯ ವಿಳಾಸಕ್ಕೆ ಹೋಯಿತಾ? ನೋಟಿಸ್‌ನಲ್ಲಿ ಹಳೆಯ ಬೆಲೆ ಇರಲಿಲ್ಲವಾ? ಹಿಂದೆಯೇ ಫೋನ್‌ನಲ್ಲಿ ಬೇಡ ಅಂದಿದ್ದಿರಾ? ಇದರಲ್ಲಿ ಒಂದಕ್ಕೆ ಹೌದು ಎಂದಾದರೂ ನಿಮ್ಮ ಕೈಯಲ್ಲಿ ವಾದ ಇದೆ. ಹೊಸ ಅವಧಿಯಲ್ಲಿ ಒಮ್ಮೆಯೂ ವ್ಯಾನ್ ಕರೆಸಿಲ್ಲ, ಬೇರೆ ಕವರ್ ಆಗಲೇ ಇತ್ತು ಎಂದರೆ ಇನ್ನೂ ಗಟ್ಟಿ.

ನನಗೆ ಕೆಲಸ ಮಾಡಿದ್ದು ಇದೇ. ಕಾರು ಮಾರಿದಾಗ ಆ ಕಂಪನಿಗೆ ಫೋನ್ ಮಾಡಿ ಹೇಳಿದ್ದೆ. ಅವರ ಕಡೆ ಅದರ ಸುಳಿವೇ ಇಲ್ಲ ಅಂದರು. ಆಗ ನನ್ನ ಫೋನ್ ಬಿಲ್ ತೆಗೆದು ನೋಡಿದೆ. ದಿನಾಂಕ, ಸಮಯ, ಹದಿನೇಳು ನಿಮಿಷ, ಎಲ್ಲವೂ ಅಲ್ಲಿತ್ತು. ಅದನ್ನು ಕಳಿಸಿ, ಆ ಕರೆಯ ರೆಕಾರ್ಡಿಂಗ್ ಕೊಡಿ ಅಂದೆ.

ಈ ರೆಕಾರ್ಡಿಂಗ್ ಕೇಳುವ ಹಕ್ಕು ತುಂಬ ಜನಕ್ಕೆ ಗೊತ್ತಿಲ್ಲ. ಯುಕೆ ಜಿಡಿಪಿಆರ್, ಅಂದರೆ ಬ್ರಿಟನ್‌ನ ಖಾಸಗಿ ಮಾಹಿತಿ ರಕ್ಷಣೆ ಕಾನೂನಿನ ಪ್ರಕಾರ ಒಂದು ಕಂಪನಿ ನಿಮ್ಮ ಬಗ್ಗೆ ಇಟ್ಟುಕೊಂಡ ಮಾಹಿತಿಯ ಪ್ರತಿ ಕೇಳಬಹುದು. ಇದಕ್ಕೆ ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್ ಅನ್ನುತ್ತಾರೆ. ಸಾಮಾನ್ಯವಾಗಿ ಉಚಿತ, ಒಂದು ತಿಂಗಳಲ್ಲಿ ಕೊಡಬೇಕು. ಕರೆಗಳ ರೆಕಾರ್ಡಿಂಗ್, ಅಕೌಂಟ್ ನೋಟ್ಸ್, ಯಾವ ನೋಟಿಸ್ ಯಾವ ವಿಳಾಸಕ್ಕೆ ಯಾವ ದಿನ ಹೋಯಿತು, ಇಷ್ಟನ್ನು ಹೆಸರಿಸಿ ಕೇಳಿ. "ಕಳಿಸಿದ್ದೇವೆ" ಅನ್ನುವ ಬಾಯಿ ಮಾತು ಆಗ ಕಾಗದದ ಮೇಲೆ ಬರಬೇಕಾಗುತ್ತದೆ. ನನ್ನ ವಿಷಯದಲ್ಲಿ ರಿಕ್ವೆಸ್ಟ್ ಹಾಕಿದ ಒಂಬತ್ತನೇ ದಿನಕ್ಕೇ "ಸದ್ಭಾವನೆಯಿಂದ ಹಣ ಮರಳಿಸುತ್ತಿದ್ದೇವೆ" ಅಂತ ಬಂತು. ಸದ್ಭಾವನೆಯಂತೆ. ಇರಲಿ, ದುಡ್ಡು ಬಂತಲ್ಲ.

ಮತ್ತೆ, ನೋಟಿಸ್ ಸರಿಯಾಗಿ ಬಂದಿತ್ತು, ನೀವೇ ತೆರೆದು ನೋಡಲಿಲ್ಲ ಎಂದಾದರೆ? ಪ್ರಾಮಾಣಿಕವಾಗಿ ಹೇಳುತ್ತೇನೆ, ಪೂರ್ತಿ ಹಣ ಸಿಗುವುದು ಕಷ್ಟ. ಆಗ ಉಳಿದ ತಿಂಗಳುಗಳ ಪಾಲು ಕೊಡಿ, ಕ್ಯಾನ್ಸಲೇಷನ್ ಫೀ ಬಿಡಿ ಎಂದು ಕೇಳುವುದು ಜಾಣತನ. ಬರಲೇ ಇಲ್ಲ ಎಂದು ಸುಳ್ಳು ಹೇಳಬೇಡಿ. ಇಮೇಲ್ ತೆರೆದದ್ದು ಅವರ ಕಂಪ್ಯೂಟರ್‌ನಲ್ಲಿ ಕಾಣುವ ಸಾಧ್ಯತೆ ಇದೆ, ಆಮೇಲೆ ನಿಮ್ಮ ಬಾಕಿ ಮಾತನ್ನೂ ಯಾರೂ ನಂಬುವುದಿಲ್ಲ.

ಹೆಜ್ಜೆ 5: ಪಾವತಿಯ ಗಂಟು

ಡೈರೆಕ್ಟ್ ಡೆಬಿಟ್ ಮತ್ತು ಕಾರ್ಡ್ ಎರಡೂ ಒಂದೇ ಅಂದುಕೊಂಡವರು ಜಾಸ್ತಿ. ಅಲ್ಲ.

ಡೈರೆಕ್ಟ್ ಡೆಬಿಟ್ ಬ್ಯಾಂಕ್ ಅಕೌಂಟ್‌ನಿಂದ ಹೋಗುತ್ತದೆ, ಆಪ್‌ನ ಪಟ್ಟಿಯಲ್ಲಿ ಕಾಣುತ್ತದೆ, ಯಾವಾಗ ಬೇಕಾದರೂ ರದ್ದು ಮಾಡಬಹುದು. ಅದರ ಹಿಂದೆ ಡೈರೆಕ್ಟ್ ಡೆಬಿಟ್ ಗ್ಯಾರಂಟಿ ಇದೆ. ಮೊತ್ತ ಅಥವಾ ದಿನಾಂಕ ಬದಲಾದರೆ ಮೊದಲೇ, ಸಾಮಾನ್ಯವಾಗಿ 10 ಕೆಲಸದ ದಿನ ಮುಂಚೆ, ತಿಳಿಸಬೇಕು. ತಪ್ಪಾಗಿ ತೆಗೆದರೆ ಬ್ಯಾಂಕ್ ತಕ್ಷಣ ಪೂರ್ತಿ ವಾಪಸ್ ಕೊಡಬೇಕು. ಆದರೆ ಈ ಗ್ಯಾರಂಟಿ ಇರುವುದು ಪಾವತಿಯ ತಪ್ಪಿಗೆ. "ಕವರ್ ನನಗೆ ಬೇಡವಾಗಿತ್ತು" ಅನ್ನುವ ಜಗಳಕ್ಕಲ್ಲ. ಹಕ್ಕಿಲ್ಲದೆ ಪಡೆದ ರೀಫಂಡನ್ನು ಕಂಪನಿ ಮರಳಿ ಕೇಳಬಹುದು. ಬೇಡ ಎಂದು ಮೊದಲೇ ಹೇಳಿದ್ದರೂ ತೆಗೆದರು, ಮುನ್ಸೂಚನೆಯೇ ಇಲ್ಲದೆ ತೆಗೆದರು ಎಂದಾದರೆ ಧೈರ್ಯವಾಗಿ ಬಳಸಿ.

ಕಾರ್ಡ್ ನಂಬರ್ ಕೊಟ್ಟಿದ್ದರೆ ಅದು ಕಂಟಿನ್ಯೂಯಸ್ ಪೇಮೆಂಟ್ ಅಥಾರಿಟಿ, ಚಿಕ್ಕದಾಗಿ ಸಿಪಿಎ. ಇದೇ ಕಳ್ಳ ಬೆಕ್ಕು. ಡೈರೆಕ್ಟ್ ಡೆಬಿಟ್ ಪಟ್ಟಿಯಲ್ಲಿ ಕಾಣುವುದಿಲ್ಲ, ವರ್ಷಕ್ಕೊಮ್ಮೆ ಬಂದು ಹಾಲು ಕುಡಿದು ಹೋಗುತ್ತದೆ. ಇದನ್ನು ನಿಲ್ಲಿಸಲು ನೇರವಾಗಿ ಬ್ಯಾಂಕಿಗೇ ಹೇಳಬಹುದು. 2017ರ ಪೇಮೆಂಟ್ ಸರ್ವಿಸಸ್ ನಿಯಮಗಳ ಪ್ರಕಾರ ಅನುಮತಿ ಹಿಂಪಡೆಯುವುದು ನಿಮ್ಮ ಹಕ್ಕು. ಹಣ ಹೋಗುವ ಹಿಂದಿನ ಕೆಲಸದ ದಿನದೊಳಗೆ ಹೇಳಬೇಕು. ಬ್ಯಾಂಕಿನ ಸಿಬ್ಬಂದಿ ಕೆಲವೊಮ್ಮೆ "ಮೊದಲು ಕಂಪನಿಯನ್ನು ಕೇಳಿ" ಅಂತ ಸಾಗಹಾಕುತ್ತಾರೆ. ಒಪ್ಪಬೇಡಿ, ಕಂಪನಿಯ ಒಪ್ಪಿಗೆ ಇದಕ್ಕೆ ಬೇಕಿಲ್ಲ. ಹೇಳಿದ ಮೇಲೂ ಹಣ ಹೋದರೆ ಅದು ಅನುಮತಿಯಿಲ್ಲದ ಪಾವತಿ, ಬ್ಯಾಂಕ್ ಮರಳಿಸಬೇಕು. ಗೊತ್ತಾದ ಕೂಡಲೇ ತಿಳಿಸಿ. ಹೊರಗಿನ ಮಿತಿ 13 ತಿಂಗಳು.

"ಹಳೆಯ ಕಾರ್ಡ್ ಎಕ್ಸ್‌ಪೈರ್ ಆಗಿದೆ, ಇನ್ನು ಹೇಗೆ ತೆಗೀತಾರೆ" ಅಂತ ನಿಶ್ಚಿಂತೆಯಾಗಿ ಇರಬೇಡಿ. ವೀಸಾ, ಮಾಸ್ಟರ್‌ಕಾರ್ಡ್ ಎರಡೂ ಹೊಸ ಕಾರ್ಡಿನ ವಿವರವನ್ನು ವ್ಯಾಪಾರಿಗಳಿಗೆ ತಾವಾಗಿಯೇ ತಲುಪಿಸುವ ವ್ಯವಸ್ಥೆ ಇಟ್ಟಿವೆ. ಕಾರ್ಡ್ ಬದಲಾದರೂ ಬೆಕ್ಕಿಗೆ ದಾರಿ ಗೊತ್ತು.

ಹೆಜ್ಜೆ 6: ಇನ್ನೂ ರಿನ್ಯೂ ಆಗಿಲ್ಲದವರಿಗೆ

ಈಗಲೇ, ಅಂದರೆ ಓದಿ ಮುಗಿಸಿದ ಮೇಲೆ, ಲಾಗಿನ್ ಆಗಿ ಆಟೋ ರಿನ್ಯೂವಲ್ ಆಫ್ ಮಾಡಿ. ಪಾಲಿಸಿ ವರ್ಷದ ಮಧ್ಯದಲ್ಲೂ ಮಾಡಬಹುದು. ಆಫ್ ಮಾಡಿದರೆ ಈಗಿನ ಕವರ್ ನಿಲ್ಲುವುದಿಲ್ಲ, ಕೊನೆಯ ದಿನದವರೆಗೂ ನಡೆಯುತ್ತದೆ. ಆಫ್ ಆದ ಪುಟದ ಸ್ಕ್ರೀನ್‌ಶಾಟ್ ಇರಲಿ. ಫೋನ್‌ನ ಕ್ಯಾಲೆಂಡರ್‌ನಲ್ಲಿ ಕೊನೆಯ ದಿನಕ್ಕೆ ನಾಲ್ಕು ವಾರ ಮೊದಲು ಒಂದು ನೆನಪು ಹಾಕಿಕೊಳ್ಳಿ.

ನೋಟಿಸ್ ಬಂದಾಗ ಒಂದು ಸಣ್ಣ ಪ್ರಯೋಗ ಮಾಡಿ. ಅದೇ ಕಂಪನಿಯ ವೆಬ್‌ಸೈಟಿನಲ್ಲಿ ಹೊಸ ಗಿರಾಕಿಯಂತೆ ಅದೇ ಕವರ್‌ಗೆ ಬೆಲೆ ನೋಡಿ. ಹಳೆಯ ಗಿರಾಕಿಗೆ ಹೊಸಬರಿಗಿಂತ ಜಾಸ್ತಿ ಹೇಳಬಾರದು ಎನ್ನುವ ನಿಯಮ 2022ರ ಜನವರಿ 1ರಿಂದ ಬಂದಿದೆ, ನಿಜ. ಆದರೆ ಅದು ಮನೆ ಮತ್ತು ಮೋಟಾರ್ ಇನ್ಶೂರೆನ್ಸ್‌ಗೆ ಮಾಡಿದ್ದು. ಪ್ರತ್ಯೇಕವಾಗಿ ಕೊಂಡ ಬ್ರೇಕ್‌ಡೌನ್ ಕವರ್‌ಗೆ ಅದನ್ನು ನಂಬಿ ಕೂರಬೇಡಿ. ಹೊಸಬರ ಬೆಲೆ ಕಮ್ಮಿ ಇದ್ದರೆ ಫೋನ್ ಮಾಡಿ ಅದೇ ಬೆಲೆಗೆ ಕೊಡಿ ಅನ್ನಿ. ಸಂತೆಯಲ್ಲಿ ಚೌಕಾಸಿ ಮಾಡಿ ಬೆಳೆದ ನಮಗೆ ಇದೇನು ಹೊಸದಲ್ಲ. ಇಲ್ಲಿನವರು ಸಂಕೋಚಪಡುತ್ತಾರೆ, ನಾವು ಯಾಕೆ ಪಡಬೇಕು?

ಬೇರೆ ಕಂಪನಿಗೆ ಹೋಗುವುದಾದರೆ ಒಂದು ದಿನ ಮೊದಲೇ ಹೊಸದು ಶುರುವಾಗಲಿ. ಕೊಂಡ ಮೊದಲ 24 ಗಂಟೆ ಸೇವೆ ಇಲ್ಲ ಎನ್ನುವ ಷರತ್ತು ಹಲವು ಪಾಲಿಸಿಗಳಲ್ಲಿ ಇರುತ್ತದೆ. ಕಾರು ಕೆಟ್ಟು ನಿಂತ ಮೇಲೆ ರಸ್ತೆಬದಿಯಲ್ಲೇ ಕವರ್ ಕೊಳ್ಳುವವರನ್ನು ತಡೆಯಲು ಮಾಡಿದ ಷರತ್ತು ಅದು. ಚಳಿಗಾಲದ ರಾತ್ರಿ ಮೋಟರ್‌ವೇ ಪಕ್ಕ ನಿಂತು ಇದನ್ನು ಕಲಿಯುವುದು ಬೇಡ.

ಹೆಜ್ಜೆ 7: ಕಂಪನಿ ಒಪ್ಪದಿದ್ದರೆ

'ಕಂಪ್ಲೇಂಟ್' ಎನ್ನುವ ಪದವನ್ನು ಬಳಸಿ. "ಐ ವಾಂಟ್ ಟು ಮೇಕ್ ಎ ಫಾರ್ಮಲ್ ಕಂಪ್ಲೇಂಟ್" ಅಂದ ಕೂಡಲೇ ನಿಮ್ಮ ಕಡತ ಬೇರೆ ಮೇಜಿಗೆ ಹೋಗುತ್ತದೆ, ಗಡಿಯಾರವೂ ಓಡಲು ಶುರುವಾಗುತ್ತದೆ. ಕಂಪನಿಗೆ ಇರುವುದು 8 ವಾರ. ಅಷ್ಟರಲ್ಲಿ ಅಂತಿಮ ಉತ್ತರ ಕೊಡಬೇಕು.

ದೂರಿನಲ್ಲಿ ಇರಬೇಕಾದ್ದು: ಯಾವ ದಿನ ಎಷ್ಟು ಹಣ ಹೋಯಿತು, ಅದು ಯಾಕೆ ತಪ್ಪು, ನಿಮ್ಮ ಬಳಿ ಏನು ಆಧಾರ ಇದೆ, ನಿಮಗೆ ಏನು ಬೇಕು. ಕೊನೆಯದನ್ನು ಸಂಖ್ಯೆಯಲ್ಲಿ ಹೇಳಿ. "ನ್ಯಾಯ ಕೊಡಿ" ಅಂದರೆ ಅವರಿಗೆ ಅರ್ಥವಾಗುವುದಿಲ್ಲ. ಇಷ್ಟು ಪೌಂಡ್, ಇಂಥ ದಿನದೊಳಗೆ ಅನ್ನಿ. ಬಾಕಿ ವಸೂಲಿ ಶುರುವಾಗಿದ್ದರೆ, ದೂರು ಮುಗಿಯುವವರೆಗೆ ನಿಲ್ಲಿಸಿ, ಸಾಲ ಸಂಗ್ರಹದವರಿಗೆ ಕೊಡಬೇಡಿ ಎಂದೂ ಸೇರಿಸಿ.

ಉತ್ತರ ಬಾರದೆ 8 ವಾರ ಕಳೆಯಿತು, ಅಥವಾ ಉತ್ತರ ಸರಿಯಿಲ್ಲ ಎಂದಾದರೆ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಸರ್ವಿಸ್‌ಗೆ (ಹಣಕಾಸು ಕಂಪನಿಗಳ ಮೇಲಿನ ದೂರು ಕೇಳುವ ಸ್ವತಂತ್ರ ಸಂಸ್ಥೆ) ಹೋಗಿ. ನಿಮಗೆ ಪೂರ್ತಿ ಉಚಿತ, ವಕೀಲರು ಬೇಡ, ಆನ್‌ಲೈನ್ ಫಾರ್ಮ್ ಸಾಕು. ಫೋನ್ ನಂಬರ್ 0800 023 4567. ಅಂತಿಮ ಉತ್ತರ ಬಂದ ದಿನದಿಂದ 6 ತಿಂಗಳೊಳಗೆ ಹೋಗಬೇಕು. "ರಜೆಗೆ ಊರಿಗೆ ಹೋಗಿ ಬಂದು ನೋಡೋಣ" ಅಂತ ತಳ್ಳಿದರೆ ಆರು ತಿಂಗಳು ಹೇಗೆ ಕಳೆಯುತ್ತದೆ ಗೊತ್ತಾಗುವುದಿಲ್ಲ. ಜಗಳ ಬ್ಯಾಂಕಿನ ಜೊತೆ, ಅಂದರೆ ಸಿಪಿಎ ನಿಲ್ಲಿಸಿ ಅಂದರೂ ನಿಲ್ಲಿಸಲಿಲ್ಲ ಎಂದಾದರೆ, ಬ್ಯಾಂಕಿಗೆ 8 ವಾರ ಇಲ್ಲ. ಸಾಮಾನ್ಯವಾಗಿ 15 ಕೆಲಸದ ದಿನದಲ್ಲಿ ಉತ್ತರಿಸಬೇಕು.

ಒಂದು ಎಡವಟ್ಟು ಇದೆ. ಎಲ್ಲ ಬ್ರೇಕ್‌ಡೌನ್ ಕವರ್ ಎಫ್‌ಸಿಎ ನಿಯಂತ್ರಣಕ್ಕೆ ಬರುವುದಿಲ್ಲ. ಮುಖ್ಯವಾಗಿ ರಸ್ತೆಬದಿಯ ಸಹಾಯವನ್ನಷ್ಟೇ ಕೊಡುವ ಕೆಲವು ಸಂಸ್ಥೆಗಳಿಗೆ ಕಾನೂನಿನಲ್ಲೇ ವಿನಾಯಿತಿ ಇದೆ. ಹಾಗಾಗಿ ಕಂಪನಿಯ ಹೆಸರನ್ನು ಎಫ್‌ಸಿಎಯ ಫೈನಾನ್ಷಿಯಲ್ ಸರ್ವಿಸಸ್ ರಿಜಿಸ್ಟರ್‌ನಲ್ಲಿ ಮೊದಲೇ ಹುಡುಕಿ ನೋಡಿ. ಅಲ್ಲಿ ಇಲ್ಲದಿದ್ದರೆ ಓಂಬುಡ್ಸ್‌ಮನ್ ದಾರಿ ಮುಚ್ಚಿರುವ ಸಾಧ್ಯತೆಯೇ ಹೆಚ್ಚು. ಆಗ ಕೈಯಲ್ಲಿ ಉಳಿಯುವುದು 2015ರ ಕನ್ಸ್ಯೂಮರ್ ರೈಟ್ಸ್ ಆಕ್ಟ್. ಗಿರಾಕಿಗೆ ಅನ್ಯಾಯವಾಗುವ ಷರತ್ತು ಅದರ ಕೆಳಗೆ ನಿಲ್ಲುವುದಿಲ್ಲ. ಕಾರ್ಡ್‌ನಲ್ಲಿ ಕಟ್ಟಿದ್ದರೆ ಬ್ಯಾಂಕಿಗೆ ಚಾರ್ಜ್‌ಬ್ಯಾಕ್, ಅಂದರೆ ಕಟ್ಟಿದ ಹಣವನ್ನು ವ್ಯಾಪಾರಿಯಿಂದ ಹಿಂದಕ್ಕೆ ತರಿಸಿ ಎಂದು, ಕೇಳಬಹುದು. ಇದು ಕಾನೂನಲ್ಲ, ಕಾರ್ಡ್ ಕಂಪನಿಗಳ ಒಳನಿಯಮ. ಸಾಮಾನ್ಯವಾಗಿ 120 ದಿನದ ಗಡುವು ಇರುತ್ತದೆ, ತಡಮಾಡಬೇಡಿ.

ಹಣ ಬಂದ ಮೇಲೆ ಕಡತ ಮುಚ್ಚುವ ಮುನ್ನ ಒಮ್ಮೆ ಆ ಕಂಪನಿಯ ಅಕೌಂಟ್‌ಗೆ ಲಾಗಿನ್ ಆಗಿ. ನನ್ನದು ರದ್ದಾಗಿತ್ತು, ಹಣ ಬಂದಿತ್ತು, ಕ್ಷಮೆ ಪತ್ರವೂ ಬಂದಿತ್ತು. ಆದರೂ ಆಟೋ ರಿನ್ಯೂವಲ್ ಎದುರಿನ ಟಿಕ್ ಹಾಗೇ ಇತ್ತು. ಅದನ್ನು ತೆಗೆದು ಸ್ಕ್ರೀನ್‌ಶಾಟ್ ಹೊಡೆದುಕೊಂಡೆ.